ಹಲಸಿನ ಮರ ಮುರಿದ ವರ್ಷ

“ಏನ್ಲಾ ನಿಂಗ, ಮಗಳ್ನ ಇಸ್ಕೂಲ್ಗ ಸೇರ್ಸಿದ್ದಯಾ, ಇಲ್ಲ ಕಾಡ್ನಿಂದ ಕ್ವಾತಿ ಇಡ್ಕಬಂದು ಇಲ್ಲಿ ಕಟ್ಟಾಕಿದ್ದಯಾ?”

ಶಾಲೆಯ ಮಾಲೀಕರು, ಅಂದರೆ ಕರೆಸ್ಪಾಂಡೆಂಟ್ ಶಿವಶಂಕರಪ್ಪನವರು ಇದನ್ನು ಹತ್ತಿರ ಕರೆದು ಕೇಳಲಿಲ್ಲ. ಮೈಕಿನಲ್ಲಿ ಕೇಳಿದರು. ಪೋಷಕರ ಸಭೆಗೆ ಬಂದಿದ್ದ ಇನ್ನೂರು ಜನ ಒಂದೇ ಸಲಕ್ಕೆ ನಕ್ಕರು. ಗೇಟಿನಾಚೆ ಬಸ್ಸು ಕಾಯುತ್ತಿದ್ದವರು ಯಾರ ಮಗಳು, ಯಾವ ಕೋತಿ ಎಂದು ತಿಳಿಯದಿದ್ದರೂ ನಕ್ಕರು. ಇನ್ನೊಬ್ಬನ ಅವಮಾನ ಎನ್ನುವುದು ಪುಕ್ಕಟೆ ಹಂಚುವ ಮಜ್ಜಿಗೆಯಿದ್ದಂತೆ; ಬಾಯಾರಿಕೆ ಇಲ್ಲದವನೂ ಲೋಟ ಚಾಚುತ್ತಾನೆ.

ನಿಂಗರಾಜು ಕೊನೆಯ ಸಾಲಿನಲ್ಲಿ ನಿಂತಿದ್ದ. ಕುರ್ಚಿ ಖಾಲಿ ಇದ್ದವು, ಆದರೂ ನಿಂತಿದ್ದ. ಶಿವಶಂಕರಪ್ಪನವರ ಆಲೂಗೆಡ್ಡೆ ಹೊಲಕ್ಕೆ ರಾತ್ರಿ ಕಾವಲಿರುವವನು ಹಗಲು ಅವರೆದುರು ಕುರ್ಚಿಯಲ್ಲಿ ಕೂರುವುದು ಹೇಗೆ? ಹೆಗಲ ಮೇಲಿನ ಟವಲು ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅವನ ಬೆರಳು ಹಿಡಿದು ನಿಂತಿದ್ದ ಮಗಳು ಮೀನಾ ಮೈಕಿನ ಕಡೆ ಕಿವಿಯನ್ನೇ ಕೊಟ್ಟಿರಲಿಲ್ಲ. ತಗಡಿನ ಚಾವಣಿಯ ಮೇಲೆ ಒಂದು ಪಾರಿವಾಳ ಓಡಾಡುತ್ತಿತ್ತು. ಅವಳು ಅದರ ಕಾಲಿನ ಸದ್ದು ಕೇಳುತ್ತಿದ್ದಳು. ಅವಳ ಮೇಲಿದ್ದ ಆಪಾದನೆಯೂ ಅದೇ.

ಆ ಶಾಲೆ ಮೊದಲು ಶಿವಶಂಕರಪ್ಪನವರ ಆಲೂಗೆಡ್ಡೆ ಗೋಡೌನ್ ಆಗಿತ್ತು. ಗೆಡ್ಡೆ ಕೊಳೆಯುತ್ತದೆ, ಮಕ್ಕಳು ಕೊಳೆಯುವುದಿಲ್ಲ ಎಂಬ ಜ್ಞಾನೋದಯವಾದ ವರ್ಷ ಅದಕ್ಕೆ ಹಳದಿ ಬಣ್ಣ ಬಳಿಸಿ ಇಂಗ್ಲಿಷ್ ಮೀಡಿಯಂ ಮಾಡಿದರು. ಊರು ತಮಿಳುನಾಡಿನ ಗಡಿಯೊಳಗಿದ್ದರೂ ಹಿಂದಿನ ಗೋಡೆ ಹತ್ತಿ ನಿಂತರೆ ಕರ್ನಾಟಕದ ಹೊಲಗಳು ಕಾಣುತ್ತವೆ. ಅಷ್ಟಕ್ಕೇ ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದೂ ಬರೆಸಿದರು. ಒಂದನೇ ಕ್ಲಾಸಿನಲ್ಲಿ ಅರವತ್ತನಾಲ್ಕು ಮಕ್ಕಳು. ಗೆಡ್ಡೆ ಮೂಟೆಗಾದರೂ ಗಾಳಿಯಾಡಲಿ ಎಂದು ನಡುನಡುವೆ ಸಂದು ಬಿಡುತ್ತಿದ್ದರು, ಮಕ್ಕಳಿಗೆ ಅದೂ ಇಲ್ಲ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ತಮಿಳಿನಲ್ಲಿ. ಮೀನಾಳಿಗೆ ಬರುತ್ತಿದ್ದದ್ದು ಕನ್ನಡವೊಂದೇ.

ಕರೆಸ್ಪಾಂಡೆಂಟರು ಮೈಕನ್ನು ಶೈಲಶ್ರೀ ಮಿಸ್ಸಿಗೆ ಕೊಟ್ಟರು. ಮಿಸ್ಸು ನೋಟು ಬುಕ್ಕು ತೆರೆದು ಮೀನಾಳ ಅಪರಾಧಗಳನ್ನು ಪೊಲೀಸರಂತೆ ಓದಿದರು. ಹುಡುಗಿ ಬೋರ್ಡು ನೋಡುವುದಿಲ್ಲ, ಕಿಟಕಿ ನೋಡುತ್ತಾಳೆ. ರಸ್ತೆಯಲ್ಲಿ ಲಾರಿ ಹೋದರೆ ಎದ್ದು ನಿಲ್ಲುತ್ತಾಳೆ. ಯಾಕೆದ್ದೆ ಎಂದರೆ ಆನೆ ಬಂದ ಹಾಗಾಯ್ತು ಎನ್ನುತ್ತಾಳೆ, ಅಷ್ಟಕ್ಕೆ ಮಿಕ್ಕ ಅರವತ್ತಮೂರು ಜನರೂ ಎದ್ದು ನಿಲ್ಲುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಬೆಂಚಿನ ಮೇಲೇ ನಿದ್ದೆ ಹೊಡೆಯುತ್ತಾಳೆ. ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ, ಗಮನ ನಿಲ್ಲದ ಕಾಯಿಲೆ, ಈಗ ಎಲ್ಲ ಕಡೆ ಬರುತ್ತಿದೆ ಎಂದು ಮಿಸ್ಸು ವಿವರಿಸಿದರು. ಮಿಸ್ಸು ಇದನ್ನು ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ನೋಡಿ ಕಲಿತಿದ್ದರು. ಮೂರನೇ ನಿಮಿಷ ನೋಡುವಷ್ಟು ಗಮನ ಅವರಿಗೂ ನಿಂತಿರಲಿಲ್ಲ.

ಮೈಕು ವಾಪಸು ಕರೆಸ್ಪಾಂಡೆಂಟರ ಕೈಗೆ ಬಂತು. ಕೊಯಮತ್ತೂರಿನಿಂದ ದೊಡ್ಡ ಡಾಕ್ಟರು ಬಂದಿದ್ದಾರೆ, ಕಲ್ಯಾಣ ಮಂಟಪದಲ್ಲಿ ಪುಕ್ಕಟೆ ಕ್ಯಾಂಪು, ಎಲ್ಲ ಮಕ್ಕಳನ್ನೂ ತೋರಿಸಿ ಎಂದು ಸಾರಿದರು. ಕಾಯಿಲೆ ಇದೆ ಎಂದು ಚೀಟಿ ತಂದ ಮಕ್ಕಳಿಗೆ ಶಾಲೆ ರಿಯಾಯಿತಿ ಕೊಡುತ್ತದೆ: ಪರೀಕ್ಷೆಗೆ ಒಂದು ಗಂಟೆ ಜಾಸ್ತಿ, ಹೋಂವರ್ಕು ಇಲ್ಲ. ಹೋಂವರ್ಕು ಇಲ್ಲ ಎಂದದ್ದೇ ತಡ, ಸಭೆಯಲ್ಲಿ ಮಿಂಚು ಹೊಡೆದ ಹಾಗಾಯಿತು. ಯಾಕೆಂದರೆ ಆ ಊರಿನಲ್ಲಿ ಹೋಂವರ್ಕು ಬರೆಯುತ್ತಿದ್ದವರು ತಾಯಂದಿರು.

ಆಮೇಲೆ ಅವರು ನಿಂಗರಾಜುವಿನ ಕಡೆ ತಿರುಗಿದರು. “ನೀನು ನಾಕ್ ಗಂಟ ಒಳಗ ಡಾಕ್ಟ್ರು ಚೀಟಿ ತಂದ್ಕೊಡ್ಬೇಕು ಕಣ್ಲಾ. ಇಲ್ದಿದ್ರ ಟಿ.ಸಿ. ತಗಂಡೋಗು. ಪುಕ್ಸಟ್ಟ ಸೀಟಲ್ಲಿ ಬಂದವ್ರಿಗೇ ಇಷ್ಟು ಕೊಬ್ಬು.”

ಸೀಟು ಪುಕ್ಕಟೆಯದೇ. ಸರ್ಕಾರದ ಕೋಟಾದಲ್ಲಿ ಚೀಟಿ ಎತ್ತಿದಾಗ ಮೀನಾಳ ಹೆಸರು ಬಂದಿತ್ತು. ಆವತ್ತು ನಿಂಗರಾಜು ಬದುಕಿನಲ್ಲಿ ಮೊದಲ ಸಲ ಏನನ್ನೋ ಗೆದ್ದಿದ್ದ. ಅವನು ಐದನೇ ಕ್ಲಾಸಿಗೆ ಬಿಟ್ಟವನು, ಹೆಂಡತಿ ಪುಟ್ಟಿ ಶಾಲೆಯ ಮುಖ ಕಂಡವಳಲ್ಲ. ಇಬ್ಬರೂ ಹೊಲದ ಆ ತುದಿಗೊಬ್ಬರು ಈ ತುದಿಗೊಬ್ಬರು ಬೆಂಕಿ ಹಾಕಿಕೊಂಡು, ತಮಟೆ ಬಡಿದುಕೊಂಡು ಆನೆ ಕಾಯುವವರು. ಮಗಳು ಮುಂದೆ ಆ ಕಾವಲಿನ ಅಟ್ಟಣೆ ಹತ್ತಬಾರದು, ಅಷ್ಟೇ ಅವನ ಆಸೆ. ಆದರೆ ಸದ್ಯಕ್ಕೆ ಅವಳು ಮಲಗುತ್ತಿದ್ದದ್ದು ಅಟ್ಟಣೆಯ ಮೇಲೆಯೇ. ಕಾಡಿನಂಚಿನ ಗುಡಿಸಿಲಿನಲ್ಲಿ ಮಗುವೊಂದನ್ನೇ ಬಿಟ್ಟು ಬರುವುದು ಹೇಗೆ?

ಕಲ್ಯಾಣ ಮಂಟಪ ಮುಟ್ಟುವಷ್ಟರಲ್ಲಿ ಕ್ಯೂ ಬಾಗಿಲಿನಿಂದ ಹೊರಟು, ಶಾಮಿಯಾನದೊಳಗೆ ಮೂರು ಸುತ್ತು ಸುತ್ತಿ, ರಸ್ತೆಗೆ ಬಂದಿತ್ತು. ಕೆಮ್ಮಿದರೆ ಆಸ್ಪತ್ರೆ ಕಾಣದ ಊರು ಆವತ್ತು ಬಾಚಿಕೊಂಡು, ಪೌಡರು ಹಚ್ಚಿಕೊಂಡು, ಮಕ್ಕಳಿಗೆ ಕಾಯಿಲೆ ಕೇಳಲು ನಿಂತಿತ್ತು. ನಿಂಗರಾಜು ನಿಂತ ಎರಡೇ ನಿಮಿಷಕ್ಕೆ ಪಕ್ಕದ ಮನೆಯ ನಂಜಯ್ಯ ಬಂದು ಸೇರಿಕೊಂಡ. ನಂಜಯ್ಯನಿಗೆ ಮಕ್ಕಳಿಲ್ಲ, ಕಾಯಿಲೆ ಇಲ್ಲ, ಕೆಲಸವಂತೂ ಇಲ್ಲವೇ ಇಲ್ಲ. ಇನ್ನೊಬ್ಬರ ತೊಂದರೆಯಲ್ಲಿ ಕೈಯಾಡಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಎದ್ರಬ್ಯಾಡ ಕಣ್ಲಾ, ನಾನಿವ್ನಿ,” ಎಂದ. ನಿಂಗರಾಜುವಿಗೆ ಆಗಲೇ ನಿಜವಾದ ಹೆದರಿಕೆ ಶುರುವಾಯಿತು.

ಈ ಕಾಯಿಲೆ ಯಾಕೆ ಬರುತ್ತದೆ ಎಂಬ ವಿಷಯದಲ್ಲಿ ಆ ಕ್ಯೂನಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ನಂಜಯ್ಯ ಎಲ್ಲ ಮೊಬೈಲಿನಿಂದ ಎಂದ. ನಿಂಗರಾಜುವಿನ ಮನೆಯಲ್ಲಿದ್ದದ್ದು ರಬ್ಬರು ಹಾಕಿ ಕಟ್ಟಿದ ಬಟನ್ ಫೋನು. ಅದರಲ್ಲಿ ಟೈಮು ನೋಡುವುದೇ ಕಷ್ಟ. ಹಾಗಾದರೆ ಬಿಸ್ಕತ್ತಿನಿಂದ ಎಂದಳು ಮುಂದೆ ನಿಂತಿದ್ದ ಮಂಗಳಮ್ಮ, ತನ್ನ ಮೊಮ್ಮಗನಿಗೆ ನಾಲ್ಕನೇ ಬಿಸ್ಕತ್ತು ಕೊಡುತ್ತ. ಬಸುರಿಯಾಗಿದ್ದಾಗ ಪುಟ್ಟಿ ಗ್ರಹಣದ ದಿನ ಹೊರಗೆ ಬಂದಿರಬೇಕು ಎಂದು ಇನ್ನೊಬ್ಬಳು. ಗೊಬ್ಬರ ಹಾಕಿದ ಕೋಸಿನಿಂದ ಎಂದು ಒಬ್ಬ. ಅವನೇ ಕೋಸು ಬೆಳೆಯುವವನು, ಆದರೆ ತಾನು ತಿನ್ನುವುದಿಲ್ಲವಂತೆ. ಅರವತ್ತನಾಲ್ಕು ಮಕ್ಕಳನ್ನು ತಗಡಿನ ಕೆಳಗೆ ತುಂಬಿ, ತಿಳಿಯದ ಭಾಷೆಯಲ್ಲಿ ಆರು ಗಂಟೆ ಕೂರಿಸಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಮಗುವಿನ ತಲೆಗೆ ಚೀಟಿ ಬರೆಯುವ ಡಾಕ್ಟರು ಸಿಗುತ್ತಾರೆ, ಗೋಡೌನಿಗೆ ಚೀಟಿ ಬರೆಯುವ ಡಾಕ್ಟರು ಎಲ್ಲಿಂದ ಬರಬೇಕು?

ಒಂದು ಇಂಗ್ಲಿಷ್ ಫಾರಂ ಹಂಚಿದರು. ಇಪ್ಪತ್ತು ಪ್ರಶ್ನೆ. ಹನ್ನೆರಡಕ್ಕೆ ‘ಹೌದು’ ಬಿದ್ದರೆ ಕಾಯಿಲೆ. ಮಗು ಕೂತಲ್ಲಿ ಕೂರುವುದಿಲ್ಲವೇ? ಸರದಿ ಕಾಯುವುದಿಲ್ಲವೇ? ಮಾತಿನ ನಡುವೆ ಬಾಯಿ ಹಾಕುತ್ತದೆಯೇ? ನೀರಿಲ್ಲದೆ, ಕೂರಲು ಜಾಗವಿಲ್ಲದೆ ಎರಡು ಗಂಟೆ ನಿಂತ ಮಕ್ಕಳು ಶಾಮಿಯಾನದ ಕಂಬಗಳಿಗೆ ಬಾವಲಿಗಳಂತೆ ನೇತಾಡುತ್ತಿದ್ದವು. ಫಾರಂ ತುಂಬಿಸುವ ಹುಡುಗಿ ತಲೆಯೆತ್ತಿ ನೋಡಿ ‘ಹೌದು, ಹೌದು’ ಎಂದು ಗುರುತು ಹಾಕುತ್ತ ಹೋದಳು. ಹನ್ನೊಂದಕ್ಕೆ ನಿಂತುಹೋದವರು ಅಕ್ಕಪಕ್ಕದವರ ಫಾರಂ ಇಣುಕಿ ಒಂದನ್ನು ಸೇರಿಸಿಕೊಂಡರು. ಹೀಗೆ ಕಾಯಿಲೆಯನ್ನೂ ಕಾಪಿ ಹೊಡೆದರು.

ಶಿವಶಂಕರಪ್ಪನವರ ಮೊಮ್ಮಗ ವೃಷಭೇಂದ್ರ ಕ್ಯೂ ನಿಲ್ಲದೆ ಕಾರಿನಿಂದ ಸೀದಾ ಒಳಗೆ ಹೋದ. ಅವನೂ ಒಂದನೇ ಕ್ಲಾಸು. ತನ್ನ ಹೆಸರನ್ನು ಬರೆದು ಮುಗಿಸುವುದರೊಳಗೆ ಬೆಲ್ಲು ಹೊಡೆಯುತ್ತಿದ್ದರಿಂದ ಅವನು ಆವರೆಗೆ ಬೇರೇನನ್ನೂ ಬರೆದಿರಲಿಲ್ಲ. ಹತ್ತು ನಿಮಿಷಕ್ಕೆ ಅಚ್ಚು ಹಾಕಿದ ಗುಲಾಬಿ ಚೀಟಿ ಹಿಡಿದು ಅವನ ತಾಯಿ ಶ್ವೇತ ಹೊರಗೆ ಬಂದಳು. ಮೈಸೂರಿನ ಅಕ್ಕನಿಗೆ ಅಲ್ಲೇ ಫೋನು ಹಚ್ಚಿದಳು.

“ನಮ್ಮುಡ್ಗುಂಗೂ ಬಂತು ಕಣಕ್ಕ. ನಿಮ್ಮವ್ನಿಗ ಬಂದಿರದೇ. ಡಾಕ್ಟ್ರು ಅಂದ್ರು, ಬಾಳ ಬುದ್ದಿ ಇರ ಮಕ್ಳಿಗೇ ಬರದಂತ.”

ಕ್ಯೂನಲ್ಲಿದ್ದ ಹೆಂಗಸರು ಹೊಟ್ಟೆಕಿಚ್ಚಿನಿಂದ ಆ ಗುಲಾಬಿ ಚೀಟಿ ನೋಡಿದರು. ಬೆಳಿಗ್ಗೆ ಮೈಕಿನಲ್ಲಿ ಕೋತಿಯಾಗಿದ್ದದ್ದು ಮಧ್ಯಾಹ್ನದೊಳಗೆ ಕಾರಿನಲ್ಲಿ ಬುದ್ಧಿವಂತಿಕೆಯಾಗಿತ್ತು.

ಇನ್ನೇನು ಎಂಟು ಜನ ಮುಂದಿದ್ದರು. ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ನಿಂಗರಾಜುವನ್ನು ಮೀನಾ ಒಮ್ಮೆಲೇ ಹಿಡಿದು ಎಳೆದಳು. “ಅಪ್ಪ, ಮರದ್ ಕೊಂಬ ಮುರೀತಾ ಅದ.”

ಅಟ್ಟಣೆಯ ಮೇಲೆ ಅವಳು ಹೀಗೆ ಎಳೆದರೆ ನಿಂಗರಾಜು ಯಾಕೆ ಎಂದು ಕೇಳುತ್ತಿರಲಿಲ್ಲ. ಎರಡು ಫರ್ಲಾಂಗು ದೂರದಲ್ಲಿ ಆನೆ ಬಿದಿರಿಗೆ ಮೈ ತಿಕ್ಕಿದರೆ ದೊಡ್ಡವರಿಗಿಂತ ಮೊದಲು ಎದ್ದು ಕೂರುತ್ತಿದ್ದವಳು ಅವಳು. ಹಗಲೆಂಬುದು ಮರೆತು, ಊರೆಂಬುದು ಮರೆತು, ಮಗಳನ್ನು ಬಾಚಿಕೊಂಡು ರಸ್ತೆಗೆ ಹಾರಿದ. ನಂಜಯ್ಯ, ಇವನ ಮೈಮೇಲೆ ದೆವ್ವ ಬಂತೇನೋ ಎಂದು ಹಿಂದೆಯೇ ಓಡಿದ. ಜನ ನಗುವುದಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ನೂರು ಮಕ್ಕಳು ನೇತಾಡಿದ್ದ ನಡುಗಂಬ ಬುಡದಲ್ಲಿ ಲಟಕ್ಕೆಂದು ಮುರಿದು, ನಿಂಗರಾಜು ನಿಂತಿದ್ದ ಜಾಗದ ಮೇಲೇ ಬಿತ್ತು. ಶಾಮಿಯಾನ ಇಡೀ ಕ್ಯೂನ ಮೇಲೆ ಒದ್ದೆ ಕಂಬಳಿಯಂತೆ ಕವುಚಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ, ಮಂಗಳಮ್ಮನ ಬಿಸ್ಕತ್ತು ಪುಡಿಯಾಯಿತು ಅಷ್ಟೇ.

ಬಟ್ಟೆಯ ಕೆಳಗಿನಿಂದ ಒಬ್ಬೊಬ್ಬರೇ ತೆವಳಿ ಬಂದವರು ಮೊದಲು ಮಾಡಿದ ಕೆಲಸ ತಪ್ಪು ಯಾರದೆಂದು ಹುಡುಕಿದ್ದು. ಓಡಿದವಳು ಮೀನಾ. ಬೆಳಿಗ್ಗೆ ಕೋತಿ ಎನ್ನಿಸಿಕೊಂಡವಳೂ ಮೀನಾ. ಕಂಬವನ್ನು ತಾನೇ ಅಲ್ಲಾಡಿಸಿರದಿದ್ದರೆ, ಅದು ಬೀಳುತ್ತದೆಂದು ಇವಳಿಗೆ ಮೊದಲೇ ತಿಳಿಯುವುದು ಹೇಗೆ ಎಂದು ಮಂಗಳಮ್ಮ ನ್ಯಾಯ ಕೇಳಿದಳು. ಬೇರೆಯವರ ಮಕ್ಕಳು ಆಗಲೇ ಇನ್ನೊಂದು ಕಂಬಕ್ಕೆ ನೇತುಬಿದ್ದಿದ್ದವು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಂಜಯ್ಯ ನ್ಯಾಯಸ್ಥನಂತೆ ನಡುವೆ ನಿಂತು, ಮಗು ಅಲ್ವಾ, ತಿಳೀದೆ ಅಲ್ಲಾಡಿಸಿರ್ತದೆ, ಬುಟ್ಬುಡಿ ಎಂದು ಅವಳ ಪರ ವಾದಿಸಿ ತಪ್ಪನ್ನು ಗಟ್ಟಿ ಮಾಡಿದ. ನಿಂಗರಾಜುವನ್ನು ಕ್ಯೂನ ಕಟ್ಟಕಡೆಗೆ ತಳ್ಳಿದರು.

ಅವರ ಸರದಿ ಬಂದಾಗ ಎರಡೂ ಮುಕ್ಕಾಲು. ದೊಡ್ಡ ಡಾಕ್ಟರು ನೂರೆಪ್ಪತ್ತು ಮಕ್ಕಳಿಗೆ ಗುಲಾಬಿ ಚೀಟಿ ಹರಿದುಕೊಟ್ಟು, ಕೈ ಸೋತು, ಶಿವಶಂಕರಪ್ಪನವರ ಮನೆಗೆ ಹೋಳಿಗೆ ಊಟಕ್ಕೆ ಹೋಗಿದ್ದರು. ಕುರ್ಚಿಯಲ್ಲಿ ಅವರ ಜೊತೆ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ಆ ಕೆಲಸಕ್ಕೆ ಅವಳು ಹೊಸಬಳು. ಅದಕ್ಕೇ ಇರಬೇಕು, ಫಾರಂ ನೋಡುವ ಬದಲು ಮಗುವನ್ನು ನೋಡಿದಳು.

ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆ ಎಂದು ತಮಿಳಿನಲ್ಲಿ ಕೇಳಿದಳು. ನಿಂಗರಾಜು ಬಾಗಿಲ ಕಡೆ ಒಮ್ಮೆ ನೋಡಿ, ಯಜಮಾನರಿಲ್ಲ ಎಂದು ಖಾತ್ರಿ ಮಾಡಿಕೊಂಡು, ಇದ್ದದ್ದನ್ನು ಇದ್ದಂತೆ ಹೇಳಿದ. ಅಟ್ಟಣೆ, ಬೆಂಕಿ, ತಮಟೆ. ಆನೆ ಬಂದ ದಿನ ನಿದ್ದೆಯಿಲ್ಲ, ಬಾರದ ದಿನ ಬರುತ್ತದೆಂದು ನಿದ್ದೆಯಿಲ್ಲ. ಯಾರ ಹೊಲ ಎಂದಳು. ಶಾಲೆಯವರದೇ ಎಂದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

ಆಮೇಲೆ ಮೀನಾಳನ್ನು ಹತ್ತಿರ ಕರೆದು, ಈಗ ಏನೇನು ಕೇಳಿಸುತ್ತಿದೆ ಹೇಳು ಎಂದು ನಿಂಗರಾಜುವಿನಿಂದ ಕೇಳಿಸಿದಳು. ಮೀನಾ ಕಣ್ಣು ಮುಚ್ಚಿದಳು. ಫ್ಯಾನಿನ ಒಂದು ರೆಕ್ಕೆ ಉಜ್ಜುತ್ತಿದೆ. ಅಡುಗೆಮನೆಯಲ್ಲಿ ಯಾರೋ ಸೌಟು ಬೀಳಿಸಿದರು. ಮೇಲೆ ಅಳಿಲಿದೆ, ಒಂದಲ್ಲ, ಎರಡು. ಆಚೆ ನಿಂತವನ ಚಪ್ಪಲಿಯ ಉಂಗುಟ ಕಿತ್ತಿದೆ. ನಂಜಯ್ಯ ಬಗ್ಗಿ ನೋಡಿಕೊಂಡ, ಕಿತ್ತಿತ್ತು.

ಗಮನ ಇಲ್ಲವೆಂದು ಕಳಿಸಿದ್ದಾರಲ್ಲ, ಇವಳ ಗಮನ ನನಗಿದ್ದಿದ್ದರೆ ಇನ್ನೆರಡು ಡಿಗ್ರಿ ತೆಗೆಯುತ್ತಿದ್ದೆ ಎಂದು ಡಾಕ್ಟರಮ್ಮ ನಕ್ಕಳು. ಕಾಯಿಲೆ ಸುಳ್ಳಲ್ಲ, ನಿಜವಾಗಿ ಇರುವ ಮಕ್ಕಳು ಬಹಳ ಕಷ್ಟಪಡುತ್ತವೆ, ಅವಕ್ಕೆ ತಿಂಗಳುಗಟ್ಟಲೆ ನೋಡಿ ಔಷಧ ಕೊಡಬೇಕು, ಹೀಗೆ ಮದುವೆ ಊಟದ ಎಲೆ ಹಾಕಿದಂತೆ ಚೀಟಿ ಹಂಚುವುದಲ್ಲ ಎಂದೂ ಹೇಳಿದಳು. ಹೇಳಿ ಬಾಗಿಲ ಕಡೆ ಒಮ್ಮೆ ನೋಡಿದಳು. ಅವಳಿಗೂ ಒಬ್ಬ ಯಜಮಾನನಿದ್ದ.

ಕೊನೆಗೆ ಬಾಯಿ ತೆರೆಸಿದಳು. ಅಷ್ಟೂ ಹಾಲುಹಲ್ಲು ಜೋಳದ ತೆನೆಯಂತೆ ಒಂದೂ ಅಲುಗದೆ ಕೂತಿದ್ದವು. ಬೆಳಿಗ್ಗೆಯಿಂದ ನೋಡಿದ ಒಂದನೇ ಕ್ಲಾಸಿನ ಮಕ್ಕಳೆಲ್ಲ ಮುಂದಿನ ಹಲ್ಲು ಬಿದ್ದು ಬೊಚ್ಚುಬಾಯಿ ಮಾಡಿಕೊಂಡಿದ್ದವು, ಇವಳಿಗೆ ಮಾತ್ರ ಯಾಕಿಲ್ಲ? ನಿಜವಾಗಿ ವಯಸ್ಸೆಷ್ಟು? ನಿಂಗರಾಜು ಜನನ ಪತ್ರದ ಜೆರಾಕ್ಸು ತೆಗೆದುಕೊಟ್ಟ. ಕಾಗದದಲ್ಲಿ ಆರೂವರೆ.

ಆ ಕಾಗದಕ್ಕೊಂದು ಕತೆಯಿತ್ತು. ಮೀನಾ ಗುಡಿಸಿಲಿನಲ್ಲಿ ಹುಟ್ಟಿದವಳು, ಬರೆಸಿದ್ದು ವರ್ಷಗಳ ಮೇಲೆ. ಯಾವಾಗ ಹುಟ್ಟಿದ್ದು ಎಂದು ಗುಮಾಸ್ತ ಕೇಳಿದಾಗ ನಿಂಗರಾಜು, ನಂಜಯ್ಯಣ್ಣನ ಹಲಸಿನ ಮರವನ್ನು ಒಂಟಿ ಸಲಗ ಮುರಿದ ವರ್ಷ ಎಂದಿದ್ದ. ಕಾಡಿನಂಚಿನಲ್ಲಿ ಕ್ಯಾಲೆಂಡರು ನೋಡುವವರು ಯಾರು? ಮದುವೆ, ಸಾವು, ಹೆರಿಗೆ ಎಲ್ಲವೂ ಯಾವ ಆನೆ ಯಾರ ಮನೆಯ ಏನು ಮುರಿಯಿತು ಎಂಬ ಲೆಕ್ಕದಲ್ಲೇ. ಮರ ಮುರಿದದ್ದಕ್ಕೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ನಕಲು ನಂಜಯ್ಯನ ಹತ್ತಿರವಿತ್ತು, ಸಾಕ್ಷಿಯೂ ಅವನೇ ಆದ. ಅರ್ಜಿಯ ವರ್ಷವೇ ಮೀನಾಳ ವರ್ಷವಾಯಿತು. ತಿಂಗಳು ತಾರೀಕು ಗೊತ್ತಿಲ್ಲದವರಿಗೆಲ್ಲ ಆ ಗುಮಾಸ್ತ ಆಗಸ್ಟ್ ಹದಿನೈದು ಎಂದು ಬರೆಯುತ್ತಿದ್ದ. ಆ ಊರಿನ ಅರ್ಧ ಮಕ್ಕಳು ಸ್ವಾತಂತ್ರ್ಯದ ದಿನವೇ ಹುಟ್ಟಿದವು, ಬಾವುಟ ಮಾತ್ರ ಯಾರಿಗೂ ಏರಿಸಲಿಲ್ಲ.

ನಿಂಗರಾಜು ಇಷ್ಟನ್ನೂ ಹೇಳಿ ಮುಗಿಸಿದ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಂಜಯ್ಯ ಬೆಳಿಗ್ಗೆಯಿಂದ ಉಪಕಾರ ಮಾಡಲು ಹೊಂಚುತ್ತಿದ್ದ.

“ಯಾವ್ ಮರ ಅಂದ್ಯಲಾ ನೀನು?” ಎಂದ. “ಮುಂದ್ಗಡೆ ಮರನೋ, ಇತ್ಲು ಮರನೋ?”

“ಪುಟ್ಟಿಗ ನೋವು ಬಂದಾಗ ನಿಮ್ಮಿತ್ಲಲ್ಲಿ ಮುರುದ್ಬಿದ್ದಿತ್ತಲ್ಲಣ್ಣ, ಅದು.”

“ಅಯ್ಯೋ ದಡ್ಡ, ಅರ್ಜಿ ಕೊಟ್ಟಿದ್ದು ಮುಂದ್ಗಡೆ ಮರಕ್ಕ ಕಣ್ಲಾ. ಇತ್ಲು ಮರ ಮುರ್ದುದ್ದು ಮರೊರ್ಸ. ಅದ್ಕ ಅರ್ಜಿ ತಗಳ್ನೇ ಇಲ್ಲ ಫಾರೆಸ್ಟ್ನವ್ರು, ಒಂದ್ಮನಗ ಒಂದೇ ಮರ ಅಂದ್ಬುಟ್ರು.” ಡಾಕ್ಟರಮ್ಮನ ಕಡೆ ತಿರುಗಿ ತಮಿಳಿನಲ್ಲೂ ಅದನ್ನೇ ವಿವರಿಸಿ, ಬೇಕಾದರೆ ಸಾಕ್ಷಿ ಹಾಕುತ್ತೇನೆ ಎಂದ.

ಸಲಗ ಒಂದೇ, ಮನೆಯೂ ಒಂದೇ, ಮರ ಎರಡು. ಎರಡರ ನಡುವೆ ಒಂದು ವರ್ಷ. ಮೀನಾಳಿಗೆ ಐದೂವರೆ. ಕ್ಲಾಸಿನ ಮಿಕ್ಕ ಮಕ್ಕಳು ಆರೂವರೆ, ಏಳು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಆಯುಸ್ಸಿನ ಐದರಲ್ಲಿ ಒಂದು ಪಾಲು ಎಂದಳು ಡಾಕ್ಟರಮ್ಮ. ಎಲ್ಲ ಕಡೆಯೂ ಇದೇ, ಕ್ಲಾಸಿನ ಎಲ್ಲಕ್ಕಿಂತ ಚಿಕ್ಕ ಮಗುವಿಗೇ ಈ ಕಾಯಿಲೆಯ ಚೀಟಿ ಜಾಸ್ತಿ ಅಂಟುತ್ತದೆ, ಎಳೆಯದೆಂದು ನೋಡದೆ ಕೆಟ್ಟದ್ದೆಂದು ನೋಡುತ್ತಾರೆ.

“ಇವಳಿಗೆ ಏನೂ ಆಗಿಲ್ಲ. ಇವಳು ಚಿಕ್ಕವಳು, ನಿದ್ದೆ ಸಾಲದು, ಅಷ್ಟೇ.”

ನಿಂಗರಾಜು ಕೈಮುಗಿದ. ಡಾಕ್ಟರಮ್ಮ ಬರೆದುಕೊಡಲು ಕಾಗದ ಹುಡುಕಿದಳು. ಕಾಯಿಲೆ ಇದೆ ಎನ್ನುವ ಗುಲಾಬಿ ಚೀಟಿ ಕಟ್ಟುಗಟ್ಟಲೆ ಅಚ್ಚಾಗಿ ಬಂದಿತ್ತು. ಮಗು ಸರಿಯಾಗಿದೆ ಎಂದು ಬರೆಯಲು ಒಂದು ಹಾಳೆಯನ್ನೂ ಅಚ್ಚು ಹಾಕಿಸಿರಲಿಲ್ಲ. ಕೊನೆಗೆ ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬರೆದಳು: ಕಾಯಿಲೆ ಇಲ್ಲ. ವಯಸ್ಸು ಒಂದು ವರ್ಷ ಜಾಸ್ತಿ ದಾಖಲಾಗಿದೆ. ಆಲೂಗೆಡ್ಡೆ ಹೊಲದ ಅಟ್ಟಣೆಯಲ್ಲಿ ಮಲಗುವುದರಿಂದ ನಿದ್ದೆಯಿಲ್ಲ. ಒಂದು ಕ್ಲಾಸು ಕೆಳಗೆ ಕೂರಿಸಿ, ಮಗುವಿನ ಭಾಷೆಯಲ್ಲಿ ಹೇಳಿಕೊಡಿ. ಸಹಿ, ಸೀಲು.

ಹೊರಗೆ ನಂಜಯ್ಯ, ಎಲ್ಲರಿಗೂ ಗುಲಾಬಿ ಸಿಕ್ಕಿ ನಿನಗೊಬ್ಬನಿಗೆ ಬಿಳಿ ಸಿಕ್ಕಿತಲ್ಲ, ಮೋಸ ಆಗಿದೆ, ಮತ್ತೆ ಕೇಳೋಣ ಬಾ ಎಂದು ಜಗ್ಗಿದ. ನಿಂಗರಾಜು ನಿಲ್ಲಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು, ಹಾಳೆಯನ್ನು ಬೆವರು ತಾಗದ ಹಾಗೆ ಎತ್ತಿ ಹಿಡಿದು ಶಾಲೆಗೆ ಓಡಿದ. ಇಡೀ ಊರಿನಲ್ಲಿ ಕಾಯಿಲೆ ಇಲ್ಲದ ಮಗು ತನ್ನದೊಂದೇ. ಮೈಕಿನಲ್ಲಿ ಕೋತಿ ಎಂದವರು ಮೈಕಿನಲ್ಲೇ ಇದನ್ನೂ ಓದಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗುಲಾಬಿ ಚೀಟಿಯ ಮಕ್ಕಳಿಗೆ ಟಾನಿಕ್ ಬಾಟಲಿ ಹಂಚುವ ಕಾರ್ಯಕ್ರಮ ನಡೆದಿತ್ತು. ಒಬ್ಬೊಬ್ಬರ ಹೆಸರು ಕರೆದಾಗಲೂ ಚಪ್ಪಾಳೆ. ಶಿವಶಂಕರಪ್ಪನವರು ನಿಂಗರಾಜುವಿನ ಹಾಳೆ ತೆಗೆದುಕೊಂಡು ಕನ್ನಡಕ ಏರಿಸಿದರು. ಓದಿದರು. ಇನ್ನೊಮ್ಮೆ ಓದಿದರು. ನಿಂಗರಾಜು ಮೈಕಿನತ್ತ ನೋಡಿದ. ಅವರು ಅಂಗೈಯಿಂದ ಮೈಕು ಮುಚ್ಚಿಕೊಂಡರು.

“ಸೇರ್ಸುವಾಗ ಐದೂ ತುಂಬ್ದೇ ಇದ್ದ ಮಗೀಗ ಆರಂತ ಬರ್ಸಿ ಸರ್ಕಾರದ್ ಸೀಟು ತಗಂಡಿದ್ದಯಲ್ಲ ನಿಂಗ. ಇದ್ನ ನಾನೇಳ್ತಿಲ್ಲ, ನಿನ್ ಡಾಕ್ಟ್ರೇ ಬರ್ದವಳ. ಸೀಟ್ ಓಯ್ತು ಕಣ್ಲಾ.”

“ಬುದ್ಧೀ, ಕಾಯ್ಲ ಇಲ್ಲ ಅಂತಲೂ ಬರ್ದವರ.”

“ಅದೇ ಕಣ್ಲಾ ತಪ್ಪಾಗಿರದು. ಕಾಯ್ಲ ಇದ್ದಿದ್ರ ಕರುಣೆ ಮೇಲ ಮಡಿಕತಿದ್ದಿ. ಇಲ್ಲಿರ ಮಕ್ಳಿಗೆಲ್ಲ ಕಾಯ್ಲ ಅದ. ಸರಿಯಾಗಿರ ಮಗೀನ ಕಟ್ಕಂಡು ನಾನೇನ್ಲಾ ಮಾಡ್ಲಿ?”

ನಿಂಗರಾಜು, ಒಂದು ಕ್ಲಾಸು ಕೆಳಗಾದರೂ ಕೂರಿಸಿ ಬುದ್ಧಿ ಎಂದು ಬೇಡಿಕೊಂಡ. ಕೆಳಗಿನ ಕ್ಲಾಸಿಗೆ ಪುಕ್ಕಟೆ ಸೀಟಿಲ್ಲ ಎಂದರು ಶೈಲಶ್ರೀ ಮಿಸ್ಸು, ಟಾನಿಕ್ ಬಾಟಲಿ ಎಣಿಸುತ್ತಲೇ. ಹಾಗಾದರೆ ಗುಲಾಬಿ ಚೀಟಿಯನ್ನೇ ಬರೆಸಿಕೊಂಡು ಬರುತ್ತೇನೆ ಎಂದ; ಕಾಯಿಲೆ ಇಲ್ಲವೆಂದು ಹೇಳಿದ ಬಾಯಿಯಲ್ಲೇ ಅದನ್ನೂ ಹೇಳಿದ. ಅಷ್ಟರಲ್ಲಿ ಡಾಕ್ಟರುಗಳ ವ್ಯಾನು ಗೇಟಿನ ಮುಂದೆ ಹಾರನ್ನು ಹೊಡೆದು, ಹಾಸನೂರು ರಸ್ತೆಗೆ ತಿರುಗಿ ಹೋಯಿತು.

ಟಿ.ಸಿ. ಬರೆಯುವುದು ತಡವಾಗಲಿಲ್ಲ. ಅದನ್ನು ಬೆಳಿಗ್ಗೆಯೇ ಬರೆದಿಟ್ಟಿದ್ದರು, ಸಹಿಯೊಂದು ಬಾಕಿ ಇತ್ತು. ಅದರಲ್ಲಿ ಹುಟ್ಟಿದ ವರ್ಷ ಹಳೆಯದೇ ಇತ್ತು. ಅದನ್ನಾದರೂ ತಿದ್ದಿಕೊಡಿ, ಬೇರೆ ಶಾಲೆಯಲ್ಲಿ ಮತ್ತೆ ಇದೇ ಕ್ಲಾಸಿಗೆ ಕೂರಿಸುತ್ತಾರೆ ಎಂದ ನಿಂಗರಾಜು. ಜನನ ಪತ್ರದಲ್ಲಿ ಇದ್ದದ್ದನ್ನು ಬದಲಾಯಿಸುವ ಅಧಿಕಾರ ಶಾಲೆಗಿಲ್ಲ ಎಂದು ಮಿಸ್ಸು ರೂಲ್ಸು ಹೇಳಿದರು. ಹೀಗೆ ವಯಸ್ಸು ಕಡಿಮೆಯೆಂದು ಸೀಟು ಹೋಯಿತು, ವಯಸ್ಸು ಮಾತ್ರ ಕಡಿಮೆಯಾಗಲಿಲ್ಲ. ಶಿವಶಂಕರಪ್ಪನವರು ಡಾಕ್ಟರಮ್ಮನ ಹಾಳೆಯಲ್ಲಿ ಆಲೂಗೆಡ್ಡೆ ಹೊಲ ಇದ್ದ ಸಾಲನ್ನು ತಮ್ಮ ಪೆನ್ನಿನಿಂದ ಕಾಣದಂತೆ ಹೊಡೆದುಹಾಕಿ, ಮಿಕ್ಕದ್ದನ್ನು ಫೈಲಿಗೆ ಹಾಕಿಕೊಂಡರು.

ನಿಂಗರಾಜು ಟಿ.ಸಿ. ಮಡಿಸಿ ಜೇಬಿಗಿಟ್ಟುಕೊಂಡ. ಮೀನಾ ಅವನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಚಪ್ಪಾಳೆಗೂ ಏಳಲಿಲ್ಲ, ಹಾರನ್ನಿಗೂ ಏಳಲಿಲ್ಲ. ಗೇಟಿನಲ್ಲಿ ನಂಜಯ್ಯ, ಹಿತ್ತಿಲ ಮರದ ವಿಷಯ ಹೇಳಿದ್ದು ಒಳ್ಳೆಯದೇ ಆಯಿತಲ್ಲವೇ ಎಂದು ಕೇಳಿದ. ನಿಂಗರಾಜು ಅವನನ್ನು ದಾಟಿ ಬಂದ.

ಹಿಂದಿನಿಂದ ಶಿವಶಂಕರಪ್ಪನವರು ಕೂಗಿದರು. ಈ ಸಲ ಮೈಕು ಮುಚ್ಚಿಕೊಳ್ಳಲಿಲ್ಲ.

“ಲೋ ನಿಂಗ, ಇವತ್ತು ಕಾವಲ್ಗ ಜಲ್ದಿ ಓಗ್ಲಾ. ತಾಳಮಲೆ ಕಡಿಂದ ಆನ ಇಳ್ದವಂತ. ಮಗೀನೂ ಕರ್ಕಂಡೋಗು ಕಣ. ಅವಳ್ ಕಿವಿ ಬಾಳ ಚುರ್ಕು. ಅವಳಲ್ಲಿ ಕುಂತಿದ್ರೇನೆ ನಂಗಿಲ್ಲಿ ನಿದ್ದ ಬರದು.”

ನಿಂಗರಾಜು ಮಗಳ ತಲೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ತಿರುಗಿ ನೋಡದೆ ನಡೆದುಹೋದ.